ಕೊಳವೆ ಹಾಕುವ ಮುನ್ನ, ತೆಗೆಯುವ ಮುನ್ನ

ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಪುಣೆ, ಮುಂಬೈ, ಹೈದರಾಬಾದ್, ದೆಹಲಿಗಳಲ್ಲಿ ನೌಕರಿ ಮಾಡುವ ನಮಗೆಲ್ಲ ಒಂದಲ್ಲ ಒಂದು ರಾತ್ರಿ ಬರಬಹುದಾದ ಫೋನ್ ಕರೆಯೊಂದಿದೆ. ಆ ಕಡೆ ತಮ್ಮನೋ ಅಕ್ಕನೋ ಚಿಕ್ಕಪ್ಪನೋ ಇರುತ್ತಾರೆ. ‘ಆಕ್ಸಿಜನ್ ಕೊಟ್ಟರೂ ಸಾಲ್ತಿಲ್ಲವಂತೆ. ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಬೇಕಂತೆ. ಸಹಿ ಕೇಳ್ತಿದಾರೆ. ಏನ್ ಹೇಳ್ಲಿ?’ ಉತ್ತರ ಕೊಡಲು ಸಿಗುವುದು ಕೆಲವೇ ನಿಮಿಷ. ನಮ್ಮಲ್ಲಿ ಬಹುತೇಕರು ‘ಹಾಕಲಿ, ಏನೇನು ಬೇಕೋ ಎಲ್ಲ ಮಾಡಲಿ’ ಎನ್ನುತ್ತೇವೆ. ಹತ್ತು ಹದಿನೈದು ದಿನ ಕಳೆದ ಮೇಲೆ ಅದೇ ಆಸ್ಪತ್ರೆಯಿಂದ ಎರಡನೆಯ ಕರೆ ಬರುತ್ತದೆ. ಅದು ಮೊದಲನೆಯದಕ್ಕಿಂತ ಕಷ್ಟದ್ದು. ‘ಸುಧಾರಣೆ ಇಲ್ಲವಂತೆ. ಮುಂದುವರಿಸೋದಾ?’

ಕೊಳವೆ ಹಾಕದೇ ಇರುವುದು ಒಂದು, ಹಾಕಿದ ಕೊಳವೆಯನ್ನು ತೆಗೆಯುವುದು ಇನ್ನೊಂದು. ನೈತಿಕವಾಗಿ ಇವೆರಡೂ ಒಂದೆಯೇ? ಮೊದಲನೆಯದನ್ನು ‘ವಿಧಿ’ ಎಂದು ಒಪ್ಪುವ ನಾವು ಎರಡನೆಯದನ್ನು ‘ಕೊಂದ ಹಾಗೆ’ ಎಂದೇಕೆ ಹೆದರುತ್ತೇವೆ? ಆ ಹೆದರಿಕೆಗೆ ಆಧಾರವಿದೆಯೇ? ಈ ಬರಹ ಅದರ ಬಗ್ಗೆ.

ಮೊದಲು ಕೊಳವೆ ಏನು ಮಾಡುತ್ತದೆ ಎಂಬುದನ್ನು ನೋಡೋಣ. ರೋಗಿಗೆ ಮಂಪರಿನ ಮದ್ದು, ಸ್ನಾಯು ಸಡಿಲಿಸುವ ಮದ್ದು ಕೊಟ್ಟು, ಲ್ಯಾರಿಂಗೋಸ್ಕೋಪಿನಿಂದ ನಾಲಿಗೆಯನ್ನು ಮೇಲಕ್ಕೆತ್ತಿ, ಧ್ವನಿತಂತುಗಳ ನಡುವೆ ಪ್ಲಾಸ್ಟಿಕ್ ಕೊಳವೆಯೊಂದನ್ನು ಶ್ವಾಸನಾಳಕ್ಕೆ ಇಳಿಸುತ್ತಾರೆ. ದೊಡ್ಡವರಿಗಾದರೆ ಅದರ ಒಳವ್ಯಾಸ ಸುಮಾರು 7ರಿಂದ 8 ಮಿಲಿಮೀಟರ್. ತುದಿಯಲ್ಲಿರುವ ಪುಟ್ಟ ಬಲೂನನ್ನು ಉಬ್ಬಿಸಿದರೆ ಗಾಳಿ ಸೋರುವುದಿಲ್ಲ, ಬಾಯಿಯ ದ್ರವ ಶ್ವಾಸಕೋಶಕ್ಕೆ ಇಳಿಯುವುದೂ ಕಡಿಮೆಯಾಗುತ್ತದೆ. ಹೊರತುದಿ ವೆಂಟಿಲೇಟರ್‌ಗೆ ಸೇರುತ್ತದೆ. ಧ್ವನಿತಂತುಗಳ ನಡುವೆ ಹಾಯುವುದರಿಂದ ಕೊಳವೆ ಇರುವಷ್ಟು ದಿನ ಮಾತಿಲ್ಲ. ಒಂದೆರಡು ವಾರ ದಾಟಿದರೆ ಸಾಮಾನ್ಯವಾಗಿ ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ಅಲ್ಲಿಂದಲೇ ಕೊಳವೆ ಹಾಕುತ್ತಾರೆ. ಅದು ಟ್ರೇಕಿಯಾಸ್ಟಮಿ.

ಕೊಳವೆಯೇ ಭಯಪಡಬೇಕಾದ ವಸ್ತುವಲ್ಲ. ಪೂರ್ಣ ಅರಿವಳಿಕೆ ಕೊಟ್ಟು ಮಾಡುವ ಬಹಳಷ್ಟು ಶಸ್ತ್ರಚಿಕಿತ್ಸೆಗಳಲ್ಲಿ ಇದೇ ಕೊಳವೆ ಹಾಕಿ, ಕೆಲಸ ಮುಗಿದ ಮೇಲೆ ತೆಗೆಯುತ್ತಾರೆ. ರೋಗಿಗೆ ಆಮೇಲೆ ಗಂಟಲು ಕೆರೆತ ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ. ಅಲ್ಲಿ ಅದನ್ನು ಯಾವಾಗ ತೆಗೆಯುತ್ತೇವೆ ಎಂಬುದು ಹಾಕುವಾಗಲೇ ಗೊತ್ತು. ಐಸಿಯುನಲ್ಲಿ ಅದು ಗೊತ್ತಿರುವುದಿಲ್ಲ. ಕಷ್ಟ ಶುರುವಾಗುವುದು ಅಲ್ಲಿಂದ.

ಇನ್ನೊಂದು ಮಾತು. ವೆಂಟಿಲೇಟರ್ ನ್ಯುಮೋನಿಯಾವನ್ನು ಗುಣ ಮಾಡುವುದಿಲ್ಲ, ಸವೆದ ಶ್ವಾಸಕೋಶವನ್ನು ಹೊಸದು ಮಾಡುವುದಿಲ್ಲ. ಅದು ಕೊಡುವುದು ಸಮಯವನ್ನು. ಆ ಸಮಯದಲ್ಲಿ ಆಂಟಿಬಯಾಟಿಕ್ ಕೆಲಸ ಮಾಡಬೇಕು, ವಿಷ ಇಳಿಯಬೇಕು, ನರ ಚೇತರಿಸಿಕೊಳ್ಳಬೇಕು. ಹಾವು ಕಚ್ಚಿ ಉಸಿರಾಟದ ಸ್ನಾಯುಗಳು ಸೋತ ಇಪ್ಪತ್ತೈದರ ಯುವಕನಿಗೆ ಆ ಸಮಯವೇ ಪ್ರಾಣ. ಕೆಲವು ದಿನಗಳಲ್ಲಿ ಅವನು ಎದ್ದು ಮನೆಗೆ ನಡೆದು ಹೋಗಬಹುದು. ಎಲ್ಲ ಚಿಕಿತ್ಸೆಯೂ ಮುಗಿದು ಕ್ಯಾನ್ಸರ್ ದೇಹವೆಲ್ಲ ಹರಡಿದವರಿಗೆ ಅದೇ ಸಮಯ ಎಲ್ಲಿಗೂ ಒಯ್ಯುವುದಿಲ್ಲ. ಯಂತ್ರ ಒಂದೇ, ಕೊಳವೆ ಒಂದೇ, ಅರ್ಥ ಬೇರೆ.

ನಮ್ಮ ಭಾಷೆಯಲ್ಲಿ ‘ಉಸಿರು ಎಳೆಯುವುದು’ ಎನ್ನುತ್ತೇವೆ. ಶರೀರಶಾಸ್ತ್ರದ ದೃಷ್ಟಿಯಿಂದಲೂ ಅದು ಸರಿ. ವಪೆ ಕೆಳಗಿಳಿದು ಎದೆಗೂಡು ಹಿಗ್ಗಿದಾಗ ಒಳಗೆ ಒತ್ತಡ ಕಡಿಮೆಯಾಗಿ ಗಾಳಿ ತಾನಾಗಿ ಒಳಬರುತ್ತದೆ. ವೆಂಟಿಲೇಟರ್ ಮಾಡುವುದು ಇದಕ್ಕೆ ತದ್ವಿರುದ್ಧ. ಅದು ಗಾಳಿಯನ್ನು ಒಳಕ್ಕೆ ನೂಕುತ್ತದೆ. ಅಲ್ಲಿ ಉಸಿರನ್ನು ಯಾರೂ ಎಳೆಯುತ್ತಿಲ್ಲ, ತುಂಬಲಾಗುತ್ತಿದೆ. ಸತ್ತವರನ್ನು ಕುರಿತು ‘ಕೊನೆಯುಸಿರೆಳೆದರು’ ಎಂದು ಬರೆಯುವ ನಾವು, ಕೊನೆಯ ಉಸಿರನ್ನು ಎಳೆಯಲೂ ಬಿಡದ ಯಂತ್ರದ ಮುಂದೆ ಗಲಿಬಿಲಿಗೊಳ್ಳುವುದು ಸಹಜ. ಉಸಿರು ನಿಂತರೆ ಸಾವು ಎಂದು ಸಾವಿರಾರು ವರ್ಷ ನಂಬಿ ನಡೆದ ಸಮಾಜಕ್ಕೆ ಉಸಿರನ್ನು ಹೊರಗಿನಿಂದ ನಡೆಸಬಹುದು ಎಂಬುದು ಎಪ್ಪತ್ತು ಚಿಲ್ಲರೆ ವರ್ಷದ ಹೊಸ ಸಂಗತಿ.

ಆ ಕತೆ 1952ರ ಕೋಪನ್‌ಹೇಗನ್‌ನದು. ಆ ಬೇಸಿಗೆಯಲ್ಲಿ ಅಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಇದ್ದದ್ದು ಬೆರಳೆಣಿಕೆಯ ಉಸಿರಾಟದ ಯಂತ್ರಗಳು, ಅವೂ ದೇಹವನ್ನು ಹೊರಗಿನಿಂದ ಸುತ್ತುವರಿದು ಎದೆಯನ್ನು ಹಿಗ್ಗಿಸುವಂಥವು. ಅವುಗಳಲ್ಲಿಟ್ಟ ಮೊದಲ 31 ರೋಗಿಗಳಲ್ಲಿ 27 ಜನ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಲಾಯಿತು. ಆಗಸ್ಟ್ 27ರಂದು ವಿವಿ ಎಬರ್ಟ್ ಎಂಬ 12 ವರ್ಷದ ಹುಡುಗಿಯ ಕತ್ತಿನಲ್ಲಿ ರಂಧ್ರ ಮಾಡಿಸಿ, ಕೊಳವೆ ಹಾಕಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಚುಕಿ ಅವರು ಗಾಳಿ ತುಂಬಿದರು. ಸಾಯುತ್ತಿದ್ದ ಹುಡುಗಿ ಬದುಕಿದಳು. ಬಳಿಕ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಗಳ ಪಕ್ಕ ಕುಳಿತು ತಿಂಗಳುಗಟ್ಟಲೆ ಹಗಲೂ ರಾತ್ರಿ ಚೀಲ ಹಿಚುಕಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇವತ್ತಿನ ಐಸಿಯು ಹುಟ್ಟಿದ್ದು ಹೀಗೆ.

ನಮ್ಮ ಪ್ರಶ್ನೆಗೂ ಅಲ್ಲಿ ಒಂದು ಬೆಳಕಿದೆ. ಚೀಲ ಹಿಚುಕುವ ವಿದ್ಯಾರ್ಥಿಗೆ ತಾನು ಮಾಡುತ್ತಿರುವುದು ಕ್ರಿಯೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಪ್ರತಿ ಉಸಿರಿಗೂ ಅವನ ಕೈ ಚಲಿಸಬೇಕಿತ್ತು. ಕೆಲವು ರೋಗಿಗಳು ಎಲ್ಲ ಮಾಡಿಯೂ ಉಳಿಯಲಿಲ್ಲ. ಇನ್ನು ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿ ಅವನು ಕೈ ನಿಲ್ಲಿಸಿದ್ದರೆ ‘ಕೊಂದ’ ಎನ್ನುತ್ತಿದ್ದೆವೇ? ‘ಮಾಡುತ್ತಿದ್ದುದನ್ನು ನಿಲ್ಲಿಸಿದ’ ಎನ್ನುತ್ತಿದ್ದೆವು. ಆ ಕೈಯ ಜಾಗಕ್ಕೆ ಮೋಟಾರು ಬಂದ ಮೇಲೆ ನಮ್ಮ ಕಲ್ಪನೆ ತಲೆಕೆಳಗಾಯಿತು. ಯಂತ್ರ ನಡೆಯುತ್ತಿರುವುದೇ ಸಹಜಸ್ಥಿತಿ, ನಿಲ್ಲಿಸುವುದೇ ಕ್ರಿಯೆ ಎಂಬಂತೆ ಕಾಣತೊಡಗಿತು. ನಿಜವಾಗಿ ವೆಂಟಿಲೇಟರ್ ಮೇಲಿನ ಪ್ರತಿದಿನವೂ ಒಂದು ಕ್ರಿಯೆಯೇ. ಮಂಪರು ಮದ್ದು, ಗಂಟಲ ಕಫ ಎಳೆಯುವುದು, ಕೈ ಕಟ್ಟುವುದು, ಮೂಗಿನ ನಳಿಕೆಯಿಂದ ಆಹಾರ, ಮಗ್ಗುಲು ಬದಲಿಸುವುದು. ಮುಂದುವರಿಸುವುದೂ ನಾವು ಮಾಡುವ ಆಯ್ಕೆ. ಸುಮ್ಮನಿದ್ದೆವು ಎಂಬ ಮೂರನೆಯ ದಾರಿ ಅಲ್ಲಿಲ್ಲ.

ವೈದ್ಯರಿಗೆ ಈ ಸಂಕಟ ಬೇಗನೆ ಹೊಳೆಯಿತು. ಕೋಪನ್‌ಹೇಗನ್ ಆಗಿ ಐದೇ ವರ್ಷಕ್ಕೆ, 1957ರ ನವೆಂಬರಿನಲ್ಲಿ, ಅರಿವಳಿಕೆ ತಜ್ಞರು ಕೇಳಿದ ಪ್ರಶ್ನೆಗಳಿಗೆ ಪೋಪ್ 12ನೇ ಪಯಸ್ ಉತ್ತರಿಸಿದರು. ಸಾಧಾರಣ ಚಿಕಿತ್ಸೆ ಕರ್ತವ್ಯ, ಆದರೆ ಆಶೆಯಿಲ್ಲದಲ್ಲಿ ಉಸಿರಾಟದ ಯಂತ್ರದಂಥ ಅಸಾಧಾರಣ ಸಾಧನವನ್ನು ಮುಂದುವರಿಸಲೇಬೇಕೆಂಬ ನಿರ್ಬಂಧವಿಲ್ಲ ಎಂಬುದು ಅದರ ತಾತ್ಪರ್ಯ. ಜೀವದ ಪಾವಿತ್ರ್ಯದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ಪೀಠದಿಂದಲೇ ಈ ಮಾತು ಬಂತು. 1968ರಲ್ಲಿ ಹಾರ್ವರ್ಡ್‌ನ ಸಮಿತಿಯೊಂದು ಮಿದುಳು ಪೂರ್ಣ ನಿಂತರೆ ಅದನ್ನೇ ಸಾವೆಂದು ಪರಿಗಣಿಸಬೇಕೆಂದಿತು. ಆದರೆ ಮಿದುಳು ಸಾವು ಬೇರೆ ವಿಚಾರ. ನಮಗೆ ಬರುವ ಎರಡನೆಯ ಕರೆಯಲ್ಲಿ ರೋಗಿ ಕಾನೂನಿನ ಪ್ರಕಾರ ಜೀವಂತ. ಪ್ರಶ್ನೆ ಕಠಿಣವಾಗುವುದು ಅದಕ್ಕೇ.

ಹಾಕದಿರುವುದು ಸರಿ, ತೆಗೆಯುವುದು ಮಾತ್ರ ಪಾಪ ಎಂದೇ ಒಂದು ಕ್ಷಣ ಇಟ್ಟುಕೊಳ್ಳೋಣ. ಫಲ ಏನಾಗುತ್ತದೆ? ಒಮ್ಮೆ ಹಾಕಿದರೆ ತೆಗೆಯುವ ಹಾಗಿಲ್ಲ ಎಂದು ಗೊತ್ತಿದ್ದರೆ, ಅರ್ಧಂಬರ್ಧ ಆಶೆಯಿರುವಾಗ ಹಾಕಲು ಯಾರೂ ಮುಂದಾಗುವುದಿಲ್ಲ. ‘ವೆಂಟಿಲೇಟರ್‌ಗೆ ಹಾಕಿದರೆ ಮುಗೀತು, ಬೇಡ’ ಎನ್ನುವವರನ್ನು ನೀವೂ ಕಂಡಿರುತ್ತೀರಿ. ಹೀಗೆ ಹೆದರಿ ಬೇಡವೆಂದವರಲ್ಲಿ ಐದು ದಿನದ ಆಸರೆ ಸಿಕ್ಕಿದ್ದರೆ ಬದುಕುತ್ತಿದ್ದವರೂ ಇರುತ್ತಾರೆ. ಅಂದರೆ ಜೀವವನ್ನು ಕಾಪಾಡಲೆಂದು ಮಾಡಿಕೊಂಡ ನಿಯಮವೇ ಜೀವ ತೆಗೆಯುತ್ತದೆ. ನಾನು ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳನ್ನು ನಡೆಸುವವನು. ನಿಲ್ಲಿಸುವ ಷರತ್ತುಗಳನ್ನು ಮೊದಲೇ ಬರೆದಿಡದ ಪ್ರಯೋಗವನ್ನು ನಮ್ಮಲ್ಲಿ ಯಾರೂ ಧೈರ್ಯವಾಗಿ ಶುರು ಮಾಡುವುದಿಲ್ಲ. ಮನುಷ್ಯನ ಪ್ರಾಣಕ್ಕೂ ಸಾಫ್ಟ್‌ವೇರ್‌ಗೂ ಹೋಲಿಕೆ ಇಲ್ಲಿಗೇ ಮುಗಿಯಿತು. ಇಲ್ಲಿ ತಪ್ಪಾದರೆ ಹಿಂದಿನ ವರ್ಷನ್‌ಗೆ ಮರಳುವ ದಾರಿಯಿಲ್ಲ. ಆದರೂ ತೀವ್ರನಿಗಾ ವೈದ್ಯರು ಇತ್ತೀಚೆಗೆ ಹೇಳುವ ‘ಕಾಲಮಿತಿಯ ಪ್ರಯತ್ನ’ದ ತರ್ಕ ಇದೇ. ಇಷ್ಟು ದಿನ ಪೂರ್ತಿ ಪ್ರಯತ್ನ ಮಾಡೋಣ, ಇಂತಿಂಥ ಸುಧಾರಣೆ ಕಾಣಬೇಕು, ಕಾಣದಿದ್ದರೆ ಕೂತು ಮಾತಾಡೋಣ ಎಂದು ಮೊದಲೇ ಹೇಳಿಕೊಳ್ಳುವುದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಕೊಳವೆ ತೆಗೆದರೆ ಸಾವಿಗೆ ಕಾರಣ ರೋಗವೇ ಹೊರತು ತೆಗೆದವರಲ್ಲ ಎನ್ನುವುದಾದರೆ, ಆಸ್ತಿಯ ಆಸೆಗೆ ರಾತ್ರೋರಾತ್ರಿ ಬಂದು ಸ್ವಿಚ್ ಆರಿಸುವ ದಾಯಾದಿಯೂ ಅದೇ ಮಾತು ಹೇಳಬಹುದಲ್ಲ? ಅವನು ಕೊಲೆಗಾರ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಹಾಗಾದರೆ ವ್ಯತ್ಯಾಸ ಕೈಯ ಚಲನೆಯಲ್ಲಿಲ್ಲ. ಒಂದೇ ಸ್ವಿಚ್, ಒಂದೇ ಪರಿಣಾಮ. ವ್ಯತ್ಯಾಸವಿರುವುದು ಆ ಚಿಕಿತ್ಸೆಗೆ ಇನ್ನೂ ಕಾರಣವಿತ್ತೇ, ರೋಗಿಗೆ ಅದು ಬೇಕಿತ್ತೇ, ನಿಲ್ಲಿಸುವ ಅಧಿಕಾರ ಯಾರಿಗಿತ್ತು ಎಂಬಲ್ಲಿ. ಇದೇ ಅಳತೆಯನ್ನು ‘ಹಾಕದಿರುವುದಕ್ಕೂ’ ಹಚ್ಚಿ ನೋಡಿ. ಬದುಕಬಲ್ಲ ಹಾವು ಕಚ್ಚಿದ ಯುವಕನಿಗೆ ಬೇಕೆಂದೇ ಕೊಳವೆ ಹಾಕದೆ ಕೂತ ವೈದ್ಯನನ್ನು ‘ನಾನೇನೂ ಮಾಡಲಿಲ್ಲ’ ಎಂದ ಮಾತ್ರಕ್ಕೆ ಬಿಡುತ್ತೇವೆಯೇ? ಇಲ್ಲ. ಹಾಗಾಗಿ ಹಾಕುವುದು, ಬಿಡುವುದು, ತೆಗೆಯುವುದು ಮೂರಕ್ಕೂ ಪ್ರಶ್ನೆ ಒಂದೇ: ಈ ವ್ಯಕ್ತಿಯ ಗಂಟಲಲ್ಲಿ ಈ ಕೊಳವೆ ಇರುವುದಕ್ಕೆ ಇವತ್ತು ಕಾರಣವಿದೆಯೇ? ನಿನ್ನೆ ಇತ್ತು ಎಂಬುದು ಇವತ್ತಿನ ಉತ್ತರವಾಗದು.

ತರ್ಕ ಇಷ್ಟಾದರೂ ಮನಸ್ಸು ಒಪ್ಪುವುದಿಲ್ಲ ಎಂಬುದು ನಿಜ. ತೆಗೆಯಲು ಹೇಳಿದ ಮಗನಿಗೆ ಬೇಡವೆಂದ ಮಗನಿಗಿಂತ ಹೆಚ್ಚು ಭಾರವೆನಿಸುತ್ತದೆ. ಆ ಭಾರವನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಇಷ್ಟವಿಲ್ಲ. ಅದು ಪ್ರೀತಿಯ ಭಾರ. ಆದರೆ ಭಾರವೆನಿಸಿದ್ದೆಲ್ಲ ತಪ್ಪಲ್ಲ. ಆ ಭಾರವನ್ನು ತಪ್ಪಿಸಿಕೊಳ್ಳಲು ಮಲಗಿರುವವರ ದೇಹದ ಮೇಲೆ ಇನ್ನೂ ಹತ್ತು ದಿನ ಹೇರುವುದು ನ್ಯಾಯವಲ್ಲ.

ಪುಣೆಯಲ್ಲಿ ನನ್ನ ಪರಿಚಯದವರೊಬ್ಬರಿದ್ದಾರೆ, ಹಾವೇರಿ ಕಡೆಯವರು. ಬೀಡಿಯಿಂದ ಶ್ವಾಸಕೋಶ ಹಾಳಾಗಿದ್ದ ಅವರ ತಂದೆ ಒಮ್ಮೆ ವೆಂಟಿಲೇಟರ್ ಮೇಲೆ ಹೋಗಿ ಹೇಗೋ ಹೊರಬಂದಿದ್ದರು. ಎರಡನೆಯ ಸಲ ಹಾಗಾದಾಗ ಊರಲ್ಲಿದ್ದ ತಮ್ಮ ಫೋನಿನಲ್ಲಿ ಹೇಳಿದ್ದು, ‘ಅಣ್ಣಾ, ಹ್ವಾದ ಸಲಾನ ಅಪ್ಪ ಹೇಳಿದ್ರಲ್ಲ, ಮತ್ತೊಮ್ಮೆ ಆ ಪೈಪ್ ಬ್ಯಾಡ ಅಂತ.’ ಅಣ್ಣ ‘ನಾ ಬರೋತನಕ ಏನೂ ನಿಲ್ಲಸಬ್ಯಾಡ್ರಿ’ ಅಂದರು. ಹಾಕಿದರು. ಅಣ್ಣ ಮರುದಿನ ಬೆಳಿಗ್ಗೆ ತಲುಪಿದರು. ತಂದೆ ಹತ್ತೊಂಬತ್ತು ದಿನ ಇದ್ದರು, ಒಂದು ಮಾತೂ ಆಡಲಿಲ್ಲ. ಅಣ್ಣ ಮಾಡಿದ್ದನ್ನು ಕ್ರೌರ್ಯ ಎನ್ನಲಾರೆ. ಮುಖ ನೋಡಬೇಕೆಂಬ ಆಸೆ ಸಣ್ಣದಲ್ಲ. ಒಂದು ದಿನದ ಮಟ್ಟಿಗೆ ಅದು ಸಾಕಷ್ಟು ಕಾರಣವೂ ಹೌದು. ಆದರೆ ಮರುದಿನದಿಂದ ಆ ಕೊಳವೆ ಯಾರಿಗಾಗಿ ಇತ್ತು? ಊರಲ್ಲಿದ್ದು ಔಷಧಿ ತಂದು, ರಾತ್ರಿ ಕೆಮ್ಮು ಕೇಳಿ, ಅಪ್ಪನ ಮಾತು ಕೇಳಿಸಿಕೊಂಡವನು ತಮ್ಮ. ತೀರ್ಮಾನವಾದದ್ದು ದೂರದಲ್ಲಿದ್ದು ದುಡ್ಡು ಕಳಿಸುವವರ ಮಾತಿನ ಮೇಲೆ.

ಅಮೆರಿಕದ ವೈದ್ಯರಲ್ಲಿ ಇದಕ್ಕೊಂದು ಅಡ್ಡಹೆಸರೇ ಇದೆ, ‘ಕ್ಯಾಲಿಫೋರ್ನಿಯಾದ ಮಗಳು’. ದೂರದಿಂದ ಕೊನೆಗೆ ಬಂದಿಳಿದು ಎಲ್ಲ ಚಿಕಿತ್ಸೆಯೂ ಆಗಲೇಬೇಕೆಂದು ಪಟ್ಟು ಹಿಡಿಯುವ ಬಂಧು. ಕ್ಯಾಲಿಫೋರ್ನಿಯಾದ ವೈದ್ಯರು ಅದೇ ಬಂಧುವನ್ನು ಬೇರೊಂದು ದೂರದ ಊರಿನವಳಾಗಿ ಹೇಳಿಕೊಳ್ಳುತ್ತಾರಂತೆ. ನಗಬಹುದು, ಆದರೆ ಈ ಪತ್ರಿಕೆ ಓದುವ ನಾವೆಲ್ಲ ಯಾರಿಗೋ ಆ ಮಗಳು, ಆ ಮಗ. ಇರಲಾಗದ ವರ್ಷಗಳ ಸಾಲವನ್ನು ಕೊನೆಯ ಹತ್ತು ದಿನಗಳ ಐಸಿಯು ಬಿಲ್ಲಿನಲ್ಲಿ ತೀರಿಸಲು ಹೊರಡುತ್ತೇವೆ. ಆ ಸಾಲ ಹಾಗೆ ತೀರುವಂಥದ್ದಲ್ಲ.

ಹಾಗೆಂದು ‘ಇನ್ನು ಸಾಕು’ ಎನ್ನುವವರೇ ಯಾವಾಗಲೂ ಸರಿ ಎಂದೂ ಅಲ್ಲ. 1985ರಲ್ಲಿ ಸ್ಟೀಫನ್ ಹಾಕಿಂಗ್ ಜಿನೀವಾದಲ್ಲಿ ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿದ್ದಾಗ, ಯಂತ್ರ ನಿಲ್ಲಿಸುವ ಸಾಧ್ಯತೆಯನ್ನು ವೈದ್ಯರು ಹೆಂಡತಿ ಜೇನ್ ಅವರ ಮುಂದಿಟ್ಟರು. ಆಕೆ ಒಪ್ಪಲಿಲ್ಲ, ಕೇಂಬ್ರಿಡ್ಜ್‌ಗೆ ಕರೆದೊಯ್ದರು. ಟ್ರೇಕಿಯಾಸ್ಟಮಿಯಿಂದ ಹಾಕಿಂಗ್ ಉಳಿದಿದ್ದ ಮಾತನ್ನೂ ಕಳೆದುಕೊಂಡರು. ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಬಂದದ್ದು ಅದಾದ ಮೇಲೆ, 1988ರಲ್ಲಿ. ಅವರು 2018ರವರೆಗೆ ಬಾಳಿದರು. ಕೊಳವೆಯೊಂದಿಗೆ ಬದುಕುವುದು ಬದುಕೇ ಅಲ್ಲ ಎಂದು ಆರೋಗ್ಯವಂತರು ಹಾಸಿಗೆಯ ಪಕ್ಕ ನಿಂತು ತೀರ್ಪು ಕೊಡುವುದು ಅಪಾಯಕಾರಿ. ಕೋಪನ್‌ಹೇಗನ್‌ನ ವಿವಿ ಕೂಡ ಕೊನೆಯವರೆಗೆ ಉಸಿರಾಟಕ್ಕೆ ಯಂತ್ರವನ್ನು ಅವಲಂಬಿಸಿದ್ದಳು. ಅವಳ ಬದುಕೂ ಬದುಕೇ. ಅಳೆಯಬೇಕಾದದ್ದು ಆ ಬದುಕು ನಮಗೆ ಹೇಗೆ ಕಾಣುತ್ತದೆ ಎಂಬುದನ್ನಲ್ಲ, ಅದನ್ನು ಬದುಕುವವರಿಗೆ ಬೇಕೇ ಎಂಬುದನ್ನು.

ದುಡ್ಡಿನ ಮಾತನ್ನೂ ಆಡಲೇಬೇಕು. ನಮ್ಮ ದೇಶದಲ್ಲಿ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂದು ಸಹಿ ಹಾಕಿ ಐಸಿಯುನಿಂದ ರೋಗಿಯನ್ನು ಮನೆಗೆ ಒಯ್ಯುವುದು ಹೊಸತಲ್ಲ. ಆಂಬುಲೆನ್ಸ್‌ನಲ್ಲಿ ಅಂಬು ಬ್ಯಾಗ್ ಒತ್ತುತ್ತ ಊರು ತಲುಪಿಸಿ, ಮನೆಯ ಪಡಸಾಲೆಯಲ್ಲಿ ಕೊಳವೆ ತೆಗೆಯುತ್ತಾರೆ. ಆಗ ಉಸಿರುಗಟ್ಟುವ ಸಂಕಟಕ್ಕೆ ಮಾರ್ಫಿನ್ ಇಲ್ಲ, ನರ್ಸ್ ಇಲ್ಲ. ಆಸ್ಪತ್ರೆಯಲ್ಲೇ ಯೋಜಿಸಿ ಕೊಳವೆ ತೆಗೆದರೆ ಮೊದಲೇ ಮದ್ದು ಕೊಟ್ಟು ಆ ಸಂಕಟವನ್ನು ತಣಿಸಬಹುದು, ಮನೆಯವರು ಕೈ ಹಿಡಿದು ಕೂರಬಹುದು. ಆ ಸಹಿಯ ಕಾಗದ ಕಾನೂನಿನ ಭಯಕ್ಕೂ ಬಡತನಕ್ಕೂ ಒಟ್ಟಿಗೆ ಹೊದಿಸಿದ ಮುಸುಕು. ದುಡ್ಡಿಲ್ಲದೆ ನಿಲ್ಲಿಸಿದ್ದನ್ನು ‘ಘನತೆಯ ಸಾವು’ ಎಂದು ಕರೆದರೆ ಅದು ಸುಳ್ಳು. ಚೇತರಿಸಿಕೊಳ್ಳಬಲ್ಲವನಿಗೆ ಹಾಸಿಗೆ ಕೊಡಿಸುವುದು ಸಮಾಜದ ಹೊಣೆ, ಆ ಹೊಣೆಯನ್ನು ಘನತೆಯ ಹೆಸರಿನಲ್ಲಿ ಕೈಬಿಡಬಾರದು.

ನಮ್ಮ ದೇಶದ ಕಾನೂನು ಈ ದಾರಿಯಲ್ಲಿ ನಡೆದದ್ದು ಒಬ್ಬ ಕನ್ನಡ ನಾಡಿನ ಹೆಣ್ಣುಮಗಳ ನೋವಿನ ಮೂಲಕ. ಹೊನ್ನಾವರ ಬಳಿಯ ಹಳದೀಪುರದ ಅರುಣಾ ಶಾನಭಾಗ ನಮ್ಮ ಹಾಗೆಯೇ ನೌಕರಿಗೆಂದು ಮುಂಬೈಗೆ ಹೋದವರು. ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯ ಸಿಬ್ಬಂದಿಯೊಬ್ಬ ನಾಯಿಯ ಸರಪಳಿಯಿಂದ ಕತ್ತು ಬಿಗಿದು ಆಕೆಯ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ. ಮಿದುಳಿಗೆ ಆಮ್ಲಜನಕ ತಪ್ಪಿ ಅವರು ಮತ್ತೆ ಎಚ್ಚರದ ಬದುಕಿಗೆ ಬರಲಿಲ್ಲ. ಪಿಂಕಿ ವಿರಾನಿ ಅವರ ಅರ್ಜಿಯ ಮೇಲೆ 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅರುಣಾ ವಿಷಯದಲ್ಲಿ ಕೋರಿಕೆ ಒಪ್ಪಲಿಲ್ಲ. ಅಷ್ಟು ವರ್ಷ ಮಗುವಿನಂತೆ ನೋಡಿಕೊಂಡ ಕೆಇಎಂ ನರ್ಸುಗಳೇ ಆಕೆಯ ನಿಜವಾದ ಬಂಧುಗಳು, ಅವರಿಗೆ ಬೇಡ ಎಂದಮೇಲೆ ಬೇಡ ಎಂದಿತು. ಆದರೆ ಹೈಕೋರ್ಟ್ ಅನುಮತಿಯೊಂದಿಗೆ ಜೀವರಕ್ಷಕ ಸಾಧನ ಹಿಂತೆಗೆಯುವ ಬಾಗಿಲನ್ನು ಮೊದಲ ಬಾರಿಗೆ ತೆರೆಯಿತು. ಅರುಣಾ ನ್ಯುಮೋನಿಯಾ ಆಗಿ, ವೆಂಟಿಲೇಟರ್ ಮೇಲೆ ಕೆಲದಿನ ಇದ್ದು, 2015ರ ಮೇ 18ರಂದು ತೀರಿಕೊಂಡರು. ಆ 42 ವರ್ಷಗಳಲ್ಲಿ ಯಾರಿಗೂ ತಿಳಿಯದೆ ಉಳಿದದ್ದು ಆಕೆಯ ಸ್ವಂತ ಇಚ್ಛೆ.

2018ರ ಮಾರ್ಚ್ 9ರಂದು, ಹಾಕಿಂಗ್ ತೀರಿಕೊಳ್ಳುವ ಐದು ದಿನ ಮೊದಲು, ಕಾಮನ್ ಕಾಸ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಭಾಗ ಎಂದಿತು, ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ನಿಯಮಗಳನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ನಿರ್ಧರಿಸುವವರನ್ನೂ ಅದರಲ್ಲಿ ಹೆಸರಿಸಬಹುದು. ಸಾಧನ ಹಿಂತೆಗೆಯುವ ಮುನ್ನ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ದಾಯಾದಿಯ ಸ್ವಿಚ್ಚಿಗೂ ಸಕಾರಣವಾದ ನಿಲುಗಡೆಗೂ ನಡುವಿನ ಗೋಡೆ ಈ ಮಂಡಳಿಗಳು. ಪತ್ರಿಕೆಗಳು ಇದನ್ನೆಲ್ಲ ‘ದಯಾಮರಣ’ ಎಂದು ಬರೆಯುತ್ತವೆ. ನನಗೆ ಆ ಪದ ಒಗ್ಗುವುದಿಲ್ಲ. ಇಲ್ಲಿ ಯಾರೂ ಯಾರಿಗೂ ದಯೆಯಿಂದ ಮರಣ ಕೊಡುತ್ತಿಲ್ಲ. ಬೇಡವಾದ ಚಿಕಿತ್ಸೆಯನ್ನು ನಿಲ್ಲಿಸುತ್ತಿದ್ದಾರೆ, ಅಷ್ಟೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳು ಸಾಲುಸಾಲಾಗಿವೆ. ಅದು ಧಾರ್ಮಿಕ ವ್ರತ, ಐಸಿಯುವಿನ ಪ್ರಶ್ನೆಗೆ ನೇರ ಉತ್ತರವಲ್ಲ. ಆದರೆ ಒಂದನ್ನು ಅಲ್ಲಿ ಗಮನಿಸಬಹುದು. ತೀರ್ಮಾನ ಅವರದೇ, ಎಚ್ಚರವಿದ್ದಾಗಲೇ ತೆಗೆದುಕೊಂಡದ್ದು, ನಾಲ್ಕು ಜನರಿಗೆ ತಿಳಿದದ್ದು. ನಮ್ಮ ಮನೆಗಳಲ್ಲಿ ಈ ಮೂರೂ ಇರುವುದಿಲ್ಲ. ‘ಸಾವಿನ ಮಾತು ಯಾಕೀಗ, ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುತ್ತೇವೆ. ಹಾಗೆ ಮುಚ್ಚಿಸಿದ ಮಾತೇ ಮುಂದೆ ರಾತ್ರಿ ಎರಡಕ್ಕೆ ಫೋನಿನಲ್ಲಿ ಉತ್ತರವಿಲ್ಲದ ಪ್ರಶ್ನೆಯಾಗಿ ಬರುತ್ತದೆ.

ಮೊದಲ ಕರೆ ಬಂದಾಗ ವೈದ್ಯರನ್ನು ಕೇಳಬಹುದಾದ್ದು ಮೂರು. ಈ ಕೊಳವೆ ಯಾವ ರೋಗ ಗುಣವಾಗುವವರೆಗೆ? ಎಷ್ಟು ದಿನದಲ್ಲಿ ಏನು ಕಾಣಬೇಕು? ಕಾಣದಿದ್ದರೆ ಏನು ಮಾಡುತ್ತೀರಿ? ಗುಣವಾಗುವ ರೋಗವಿದ್ದರೆ, ಅಥವಾ ಇದೆಯೋ ಇಲ್ಲವೋ ಎಂದು ಗೊತ್ತಿಲ್ಲದಿದ್ದರೆ, ಹಾಕಿಸಿ. ತೆಗೆಯುವುದು ಪಾಪವಲ್ಲ ಎಂದು ತಿಳಿದಿರುವುದರಿಂದ ಧೈರ್ಯವಾಗಿ ಹಾಕಿಸಿ. ಎರಡನೆಯ ಕರೆ ಬಂದಾಗ ‘ನಾವೇನು ಮಾಡೋಣ’ ಎಂದು ಶುರು ಮಾಡುವ ಬದಲು ‘ಇದನ್ನೆಲ್ಲ ಕೇಳಿಸಿಕೊಂಡು ಅಪ್ಪ ಕೂತಿದ್ದರೆ ಏನನ್ನುತ್ತಿದ್ದರು’ ಎಂದು ಕೇಳಿ. ಅದಕ್ಕೆ ಉತ್ತರ ಬಲ್ಲವರು ಅವರ ಜೊತೆ ಇದ್ದವರು. ದೂರದಲ್ಲಿದ್ದವರು ಅವರ ಮಾತಿಗೆ ಕಿವಿಗೊಡಬೇಕು.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಅಮ್ಮನನ್ನು ಇದನ್ನು ಕೇಳಬೇಕು. ಕೇಳುವುದು ಸುಲಭವಲ್ಲ. ನಿಮ್ಮ ಇಚ್ಛೆಯನ್ನು ಮೊದಲು ಹೇಳಿದರೆ ಅವರದು ಹೊರಬರುತ್ತದೆ. ‘ನನಗೆ ಹೀಗಾದರೆ ಹೀಗೆ ಮಾಡಿ’ ಎಂದು ನಲವತ್ತರ ಮಗ ಹೇಳಿದಾಗ ಅಮ್ಮ ಬೈಯುತ್ತಾಳೆ. ಬೈದಾದ ಮೇಲೆ, ಪಾತ್ರೆ ಒರೆಸುತ್ತ, ತನಗೆ ಏನು ಬೇಕು ಏನು ಬೇಡ ಎಂದು ಹೇಳುತ್ತಾಳೆ. ಆಗ ತಮ್ಮನೂ ಅಕ್ಕನೂ ಅಲ್ಲೇ ಇದ್ದು ಕೇಳಿಸಿಕೊಳ್ಳುವಂತೆ ನೋಡಿಕೊಳ್ಳಿ.